ಇ-ಮೇಲ್ ಫಿಶಿಂಗ್

ನಂಬಿಕೆಯ ಸಂಸ್ಥೆಯ ಅಥವಾ ಪರಿಚಿತರ ಹೆಸರಿನಲ್ಲಿ ಸುಳ್ಳು ಇ-ಮೇಲ್ ಕಳಿಸಿ, ಅದನ್ನು ಪಡೆದವರಿಂದ ಪಾಸ್‌ವರ್ಡ್, ಒಟಿಪಿ, ಕಾರ್ಡ್ ವಿವರ, ಗುರುತಿನ ದಾಖಲೆ ಅಥವಾ ನೇರವಾಗಿ ಹಣ ದೋಚುವ ವಂಚನೆಗೆ ಇ-ಮೇಲ್ ಫಿಶಿಂಗ್ ಎಂದು ಹೆಸರು. ಓದುಗರ ಕೈಯಿಂದಲೇ ಅವರ ಕಂಪ್ಯೂಟರಿಗೆ ಕುತಂತ್ರಾಂಶ ಹಾಕಿಸುವುದೂ ಇದರ ಇನ್ನೊಂದು ಮುಖ. ಭದ್ರವಾದ ಯಂತ್ರವನ್ನು ಭೇದಿಸುವುದಕ್ಕಿಂತ ಅದನ್ನು ಬಳಸುವ ಮನುಷ್ಯರನ್ನು ಒಪ್ಪಿಸುವುದು ಅಗ್ಗ ಎಂಬ ಲೆಕ್ಕಾಚಾರ ಈ ವಂಚನೆಯ ಬುಡದಲ್ಲಿದೆ.

ಅಮೆರಿಕದ ಎಫ್‌ಬಿಐ ನಡೆಸುವ ಅಂತರ್ಜಾಲ ಅಪರಾಧ ದೂರು ಕೇಂದ್ರಕ್ಕೆ 2024ರಲ್ಲಿ ಬಂದ ದೂರುಗಳನ್ನು ವಿಂಗಡಿಸಿದಾಗ, ಸಂಖ್ಯೆಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಫಿಶಿಂಗ್ ಮತ್ತು ಸೋಗಿನ ಸಂದೇಶಗಳಿಗೆ: 1,93,407 ದೂರು. ಕಂಪನಿಗಳ ಪಾವತಿಯನ್ನು ಬೇರೆ ಖಾತೆಗೆ ತಿರುಗಿಸುವ ವ್ಯವಹಾರ ಇ-ಮೇಲ್ ವಂಚನೆಯಿಂದ ಅದೇ ವರ್ಷ ಆದ ನಷ್ಟ ಸುಮಾರು 277 ಕೋಟಿ ಡಾಲರ್. ಕಾಗುಣಿತದ ತಪ್ಪು ಹುಡುಕಿ ನಕಲಿ ಮೇಲ್ ಹಿಡಿಯಬಹುದಾಗಿದ್ದ ಕಾಲ ಹಿಂದೆ ಬಿದ್ದಿದೆ. ಮೇಲ್ ಎಷ್ಟು ಅಚ್ಚುಕಟ್ಟಾಗಿದೆ ಎಂಬುದಕ್ಕಿಂತ ಅದು ಎಲ್ಲಿಂದ ಬಂದಿದೆ, ಏನು ಕೇಳುತ್ತಿದೆ, ಎಲ್ಲಿಗೆ ಕರೆದೊಯ್ಯುತ್ತಿದೆ ಎಂಬ ಮೂರು ಪ್ರಶ್ನೆಗಳೇ ಈಗ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ತಾಂತ್ರಿಕ ಹಿನ್ನೆಲೆ

ಇ-ಮೇಲ್ ಸಾಗಣೆಯ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದರು. ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಕೇಂದ್ರಗಳ ಸಣ್ಣ ಜಾಲ ಅಂದಿನ ಬಳಕೆದಾರರು. ಕಳಿಸಿದವರು ನಿಜಕ್ಕೂ ಯಾರೆಂದು ಪರೀಕ್ಷಿಸುವ ಏರ್ಪಾಡು ಆ ನಿಯಮಾವಳಿಯಲ್ಲಿ ಇರಲಿಲ್ಲ. ಅಂಚೆ ಲಕೋಟೆಯ ಮೂಲೆಯಲ್ಲಿ ‘ಇಂದ’ ಎಂದು ಬರೆದು ಯಾರ ವಿಳಾಸವನ್ನಾದರೂ ಹಾಕಬಹುದಲ್ಲ, ಇ-ಮೇಲಿನ ಪ್ರೇಷಕರ ಜಾಗವೂ ಮೂಲತಃ ಅಷ್ಟೇ.

ಈ ಕೊರತೆಯನ್ನು ತುಂಬಲು ಮೂರು ಪದ್ಧತಿಗಳು ಆಮೇಲೆ ಬಂದವು. ಒಂದು ಡೊಮೇನಿನ ಪರವಾಗಿ ಮೇಲ್ ಕಳಿಸಲು ಯಾವ ಸರ್ವರುಗಳಿಗೆ ಅಧಿಕಾರವಿದೆ ಎಂದು ಎಸ್‌ಪಿಎಫ್ ಸಾರುತ್ತದೆ. ಡಿಕೆಐಎಂ ಪ್ರತಿ ಮೇಲಿಗೂ ಡಿಜಿಟಲ್ ಸಹಿ ಹಾಕುತ್ತದೆ. ಇವೆರಡರಲ್ಲೂ ತೇರ್ಗಡೆಯಾಗದ ಮೇಲನ್ನು ಬಿಡಬೇಕೋ, ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳಬೇಕೋ, ತಿರಸ್ಕರಿಸಬೇಕೋ ಎಂಬ ಡೊಮೇನ್ ಒಡೆಯರ ಸೂಚನೆಯನ್ನು 2012ರಲ್ಲಿ ಪ್ರಕಟವಾದ ಡಿಮಾರ್ಕ್ ತಿಳಿಸುತ್ತದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಇವನ್ನು ಅಳವಡಿಸಿಕೊಳ್ಳಲೇಬೇಕೆಂದು ಜಿಮೇಲ್ 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿತು. ಯಾಹೂ ಕೂಡ ಅದೇ ಹಾದಿ ಹಿಡಿಯಿತು.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಬ್ಯಾಂಕಿನ ಹೆಸರನ್ನೇ ಹೋಲುವ ಬೇರೊಂದು ಡೊಮೇನನ್ನು ವಂಚಕರು ಹಣ ಕೊಟ್ಟು ನೋಂದಾಯಿಸಿಕೊಂಡರೆ, ಅದರಿಂದ ಹೊರಟ ಮೇಲ್ ಈ ಮೂರೂ ಪರೀಕ್ಷೆ ಪಾಸಾಗುತ್ತದೆ. ಕದ್ದ ಅಸಲಿ ಖಾತೆಯಿಂದ ಬಂದ ಮೇಲಂತೂ ತಾಂತ್ರಿಕವಾಗಿ ಅಸಲಿಯೇ.

ಬೆಳೆದು ಬಂದ ಬಗೆ

1990ರ ದಶಕದ ನಡುವಿನಲ್ಲಿ ಅಮೆರಿಕ ಆನ್‌ಲೈನ್ ಸೇವೆಯ ಚಂದಾದಾರರಿಗೆ ಕಂಪನಿಯ ಸಿಬ್ಬಂದಿಯ ಸೋಗಿನಲ್ಲಿ ಸಂದೇಶ ಕಳಿಸಿ ಪಾಸ್‌ವರ್ಡ್ ಕೇಳುವ ಚಾಳಿ ಶುರುವಾಯಿತು. ಎಒಹೆಲ್ ಎಂಬ ತಂತ್ರಾಂಶ ಈ ಕೆಲಸವನ್ನು ಹುಡುಗರಿಗೂ ಸುಲಭಗೊಳಿಸಿತು. 2001ರಲ್ಲಿ ಇ-ಗೋಲ್ಡ್ ಎಂಬ ಪಾವತಿ ಸೇವೆಯ ಗ್ರಾಹಕರ ಮೇಲೆ ನಡೆದ ಪ್ರಯತ್ನದೊಂದಿಗೆ ವಂಚಕರ ಕಣ್ಣು ಹಣದ ಖಾತೆಗಳತ್ತ ಹೊರಳಿತು. ಇದನ್ನು ಎದುರಿಸಲು ಉದ್ಯಮಗಳು 2003ರಲ್ಲಿ ಫಿಶಿಂಗ್ ವಿರೋಧಿ ಕಾರ್ಯತಂಡವೊಂದನ್ನು ಕಟ್ಟಿಕೊಂಡವು.

ಭಾರತದಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿದ್ದು ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನಾಸ್ಕಾಂನ ಪ್ರಕರಣದಲ್ಲಿ. ಉದ್ಯೋಗ ನೇಮಕಾತಿಯ ವ್ಯವಹಾರ ನಡೆಸುತ್ತಿದ್ದವರು ನಾಸ್ಕಾಂ ಹೆಸರಿನಲ್ಲಿ ಮೇಲ್ ಕಳಿಸಿ ಜನರ ವೈಯಕ್ತಿಕ ವಿವರ ಸಂಗ್ರಹಿಸಿದ್ದರು. 2005ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ ಫಿಶಿಂಗ್ ಕಾನೂನುಬಾಹಿರ ಎಂದು ಗುರುತಿಸಿತು. ಪ್ರತಿವಾದಿಗಳು ರಾಜಿಯ ಮೂಲಕ 16 ಲಕ್ಷ ರೂ. ಕೊಡಲು ಒಪ್ಪಿದರು.

ಮುಂದಿನ ದಶಕದಲ್ಲಿ ದಾಳಿಯ ಗುರಿ ದೊಡ್ಡದಾಯಿತು. ಭದ್ರತಾ ಸಾಧನಗಳನ್ನೇ ಮಾರುತ್ತಿದ್ದ ಆರ್‌ಎಸ್‌ಎ ಕಂಪನಿ 2011ರಲ್ಲಿ ಬಿದ್ದದ್ದು ಆ ವರ್ಷದ ನೇಮಕಾತಿ ಯೋಜನೆ ಎಂಬ ಶೀರ್ಷಿಕೆಯ ಎಕ್ಸೆಲ್ ಕಡತಕ್ಕೆ. ಸೋಸುವ ವ್ಯವಸ್ಥೆ ಅದನ್ನು ಸರಿಯಾಗಿಯೇ ಜಂಕ್ ಪೆಟ್ಟಿಗೆಗೆ ಹಾಕಿತ್ತು. ನೌಕರರೊಬ್ಬರು ಕುತೂಹಲದಿಂದ ಅಲ್ಲಿಂದ ಹೊರತೆಗೆದು ತೆರೆದರು. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ವಿದ್ಯುತ್ ಜಾಲಕ್ಕೆ ನುಗ್ಗಿ ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರನ್ನು ಕತ್ತಲಲ್ಲಿಟ್ಟವರ ಮೊದಲ ಹೆಜ್ಜೆಯೂ ಇಂಥದೇ ಮೇಲ್. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಲ್ಲಿ ಕೆಲಸಕ್ಕಾಗಿ ಅರ್ಜಿ ಹಾಕುವವರ ಸೋಗಿನ ಮೇಲುಗಳು 2015ರಲ್ಲೇ ಸಿಬ್ಬಂದಿಗೆ ಬಂದಿದ್ದವು. ಒಳಗೆ ಸೇರಿದವರು ತಿಂಗಳುಗಟ್ಟಲೆ ಕಾದು, 2016ರ ಫೆಬ್ರುವರಿಯಲ್ಲಿ ಸುಮಾರು 95 ಕೋಟಿ ಡಾಲರ್ ವರ್ಗಾಯಿಸಲು ಯತ್ನಿಸಿ, 8.1 ಕೋಟಿ ಡಾಲರನ್ನು ಫಿಲಿಪ್ಪೀನ್ಸಿಗೆ ಸಾಗಿಸಿ ದಕ್ಕಿಸಿಕೊಂಡರು.

ಒಂದೇ ಮೇಲ್ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2016ರ ಮಾರ್ಚ್ 19ರ ಘಟನೆ ಸಾಕ್ಷಿ. ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಅಧ್ಯಕ್ಷರಾಗಿದ್ದ ಜಾನ್ ಪೊಡೆಸ್ಟಾ ಅವರಿಗೆ, ಅವರ ಜಿಮೇಲ್ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ, ಉಕ್ರೇನಿನಿಂದ ಲಾಗಿನ್ ಪ್ರಯತ್ನ ನಡೆದಿದೆ, ಕೂಡಲೇ ಬದಲಿಸಿ ಎಂಬ ಸೂಚನೆ ಗೂಗಲ್ ಹೆಸರಿನಲ್ಲಿ ಬಂತು. ಅವರ ಕಚೇರಿ ಎಚ್ಚರ ತಪ್ಪಿರಲಿಲ್ಲ; ಸಹಾಯಕರು ತಾಂತ್ರಿಕ ವಿಭಾಗವನ್ನು ಕೇಳಿದರು. ಅಲ್ಲಿಂದ ಬಂದ ಉತ್ತರ ಮೇಲ್ ಅಸಲಿ ಎಂದಿತು. ನಕಲಿ ಎಂದು ಬರೆಯಲು ಹೋಗಿ ಹಾಗಾಯಿತೆಂದು ಉತ್ತರ ಬರೆದವರು ಆಮೇಲೆ ಹೇಳಿದರು. ಗೂಗಲ್‌ನ ನಿಜವಾದ ಲಿಂಕನ್ನೂ ಅದೇ ಉತ್ತರದಲ್ಲಿ ಕೊಟ್ಟಿದ್ದರು. ಆದರೆ ಒತ್ತಿದ್ದು ಮೂಲ ಮೇಲಿನಲ್ಲಿದ್ದ ಲಿಂಕನ್ನು. 50,000ಕ್ಕೂ ಹೆಚ್ಚು ಮೇಲುಗಳು ಕಳುವಾದವು. ಆ ವರ್ಷದ ಅಕ್ಟೋಬರ್‌ನಲ್ಲಿ ವಿಕಿಲೀಕ್ಸ್ ಅವುಗಳ ಪ್ರಕಟಣೆ ಶುರುಮಾಡಿತು. ಈ ಸರಣಿಯ ದಾಳಿಗಳಿಗಾಗಿ ರಷ್ಯಾದ ಸೇನಾ ಗುಪ್ತಚರ ಇಲಾಖೆಯ 12 ಅಧಿಕಾರಿಗಳ ಮೇಲೆ ಅಮೆರಿಕ 2018ರ ಜುಲೈನಲ್ಲಿ ಆರೋಪ ಹೊರಿಸಿತು.

ಪ್ರಕಾರಗಳು

ಸಾಮೂಹಿಕ ಫಿಶಿಂಗ್‌ನಲ್ಲಿ ಒಂದೇ ಮೇಲ್ ಲಕ್ಷಾಂತರ ಜನರಿಗೆ ಹೋಗುತ್ತದೆ. ಸಾವಿರದಲ್ಲಿ ಒಬ್ಬರು ನಂಬಿದರೂ ವಂಚಕರಿಗೆ ಗಿಟ್ಟುತ್ತದೆ. ಗುರಿಯಿಟ್ಟ ಫಿಶಿಂಗ್ ವ್ಯಕ್ತಿಯ ಹೆಸರು, ಹುದ್ದೆ, ಸಹೋದ್ಯೋಗಿಗಳ ವಿವರವನ್ನು ಮೊದಲೇ ಕಲೆಹಾಕಿ ಬರೆದದ್ದು.

ವ್ಯವಹಾರ ಇ-ಮೇಲ್ ವಂಚನೆಯಲ್ಲಿ ಲಿಂಕೂ ಇರುವುದಿಲ್ಲ, ವೈರಸ್ಸೂ ಇರುವುದಿಲ್ಲ. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಬಿಲ್ಲಿನ ಹಣ ಹೊಸ ಖಾತೆಗೆ ಹಾಕಿ ಎಂಬ ಎರಡು ಸಾಲು ಸಾಕು. ತೈವಾನಿನ ಕ್ವಾಂಟಾ ಕಂಪ್ಯೂಟರ್ ಕಂಪನಿಯ ಸೋಗು ಹಾಕಿದ ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಾಸ್ 2013ರಿಂದ 2015ರ ನಡುವೆ ಸುಳ್ಳು ಬಿಲ್ಲುಗಳಿಂದಲೇ ಗೂಗಲ್ ಮತ್ತು ಫೇಸ್‌ಬುಕ್‌ಗಳಿಂದ 12 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿದ. 2019ರ ಡಿಸೆಂಬರ್‌ನಲ್ಲಿ ಅವನಿಗೆ 5 ವರ್ಷ ಜೈಲಾಯಿತು. ವಿದೇಶಿ ಗ್ರಾಹಕರೊಂದಿಗೆ ಮೇಲಿನಲ್ಲೇ ವ್ಯವಹರಿಸುವ ಬೆಂಗಳೂರಿನ ಸಣ್ಣ ಕಂಪನಿಗಳಿಗೂ ರಫ್ತುದಾರರಿಗೂ ಹೆಚ್ಚು ಅಪಾಯ ಇರುವುದು ಈ ಬಗೆಯಿಂದ.

ಅನುಮತಿ ಫಿಶಿಂಗ್ ಪಾಸ್‌ವರ್ಡ್ ಕೇಳುವುದೇ ಇಲ್ಲ. ನಿಮ್ಮ ಮೇಲ್ ಓದಲು ಈ ಆ್ಯಪಿಗೆ ಅನುಮತಿ ಕೊಡುವಿರಾ ಎಂಬ ಅಸಲಿ ಪುಟಕ್ಕೇ ಒಯ್ಯುತ್ತದೆ. 2017ರ ಮೇ ತಿಂಗಳಲ್ಲಿ ಗೂಗಲ್ ಡಾಕ್ಸ್ ಹೆಸರಿನ ಸುಳ್ಳು ಆ್ಯಪ್ ಹೀಗೆಯೇ ಹಬ್ಬಿತು. ಮಧ್ಯವರ್ತಿ ದಾಳಿಯಲ್ಲಿ ನಕಲಿ ಪುಟವು ಬಳಕೆದಾರರಿಗೂ ಅಸಲಿ ತಾಣಕ್ಕೂ ನಡುವೆ ನಿಂತು, ಟೈಪಿಸಿದ ಪಾಸ್‌ವರ್ಡ್ ಮತ್ತು ಒಟಿಪಿಗಳನ್ನು ಆ ಕ್ಷಣವೇ ಆಚೆ ದಾಟಿಸಿ, ಲಾಗಿನ್ ಆದ ಸ್ಥಿತಿಯನ್ನೇ ಕದಿಯುತ್ತದೆ. ಇಂಥ ಒಂದೇ ಕಾರ್ಯಾಚರಣೆ 10,000ಕ್ಕೂ ಹೆಚ್ಚು ಸಂಸ್ಥೆಗಳನ್ನು ಗುರಿಯಾಗಿಸಿತ್ತೆಂದು ಮೈಕ್ರೋಸಾಫ್ಟ್ 2022ರ ಜುಲೈನಲ್ಲಿ ವರದಿ ಮಾಡಿತು. ಲಿಂಕಿನ ಬದಲು ಕ್ಯುಆರ್ ಕೋಡ್ ಇಡುವುದು, ಲಿಂಕೇ ಇಲ್ಲದೆ ಸುಳ್ಳು ಬಿಲ್ ಕಳಿಸಿ ರದ್ದುಪಡಿಸಲು ಈ ಸಂಖ್ಯೆಗೆ ಕರೆ ಮಾಡಿ ಎನ್ನುವುದು ಈಚಿನ ರೂಪಗಳು.

ಒಂದು ಮಾದರಿ: ತೆರಿಗೆ ಮರುಪಾವತಿಯ ಮೇಲ್

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಹಂಗಾಮಿನಲ್ಲಿ ಬರುವ ಸುಳ್ಳು ಮೇಲುಗಳಿಗೆ ಒಂದು ಅನುಕೂಲವಿದೆ: ಜನ ಅಂಥದೊಂದು ಮೇಲಿಗಾಗಿ ಕಾಯುತ್ತಲೇ ಇರುತ್ತಾರೆ. ದೇಶದ ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಬೆಂಗಳೂರಿನಲ್ಲಿದೆ. ಅಸಲಿ ಸೂಚನಾ ಪತ್ರಗಳೂ ಅದರ ಹೆಸರಿನಲ್ಲೇ ಬರುವುದರಿಂದ, ಸಿಪಿಸಿ ಬೆಂಗಳೂರು ಎಂಬ ಒಕ್ಕಣೆ ಕಂಡಾಕ್ಷಣ ಅನುಮಾನ ಅರ್ಧ ಇಳಿಯುತ್ತದೆ.

ಮೇಲಿನಲ್ಲಿ ರಾಷ್ಟ್ರಲಾಂಛನ, ಸೆಕ್ಷನ್ ಸಂಖ್ಯೆ, ಪೈಸೆಯ ಸಮೇತ ಮರುಪಾವತಿಯ ಮೊತ್ತ ಇರುತ್ತವೆ. ಕೆಳಗೆ ಒಂದು ಗುಂಡಿ: ಖಾತೆ ದೃಢಪಡಿಸಿ. ಗಡುವು 24 ಗಂಟೆ. ಗುಂಡಿ ಒತ್ತಿದರೆ ಬ್ಯಾಂಕುಗಳ ಲೋಗೊ ಸಾಲು, ನಂತರ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ, ಒಟಿಪಿ ತುಂಬುವ ಜಾಗ.

ಈ ಮೇಲ್ ಸೋಲುವುದು ಎರಡು ಕಡೆ. ಮೊದಲನೆಯದು ಅದರ ಬೇಡಿಕೆ. ತೆರಿಗೆ ಮರುಪಾವತಿಯು ಇಲಾಖೆಯ ಪೋರ್ಟಲಿನಲ್ಲಿ ಮೊದಲೇ ದೃಢೀಕರಿಸಿದ ಬ್ಯಾಂಕ್ ಖಾತೆಗೆ ತಾನಾಗಿ ಜಮೆಯಾಗುತ್ತದೆ. ಇಲಾಖೆ ಮೇಲಿನಲ್ಲಿ ಪಿನ್, ಪಾಸ್‌ವರ್ಡ್, ಕಾರ್ಡ್ ವಿವರ ಕೇಳುವುದಿಲ್ಲ. ಎರಡನೆಯದು ಅದರ ವಿಳಾಸ. ಇಲಾಖೆಯ ತಾಣ ‘ಇನ್‌ಕಮ್‌ಟ್ಯಾಕ್ಸ್.ಗವ್.ಇನ್’. ನಕಲಿಯದು ‘ಇನ್‌ಕಮ್‌ಟ್ಯಾಕ್ಸ್.ಗವ್.ಇನ್.ಉದಾಹರಣೆ.ಕಾಮ್’ ಎಂಬ ಮಾದರಿಯಲ್ಲಿರಬಹುದು. ಎಡದಿಂದ ಓದಿದರೆ ಎರಡೂ ಒಂದೇ. ಜಾಲ ವಿಳಾಸದ ಒಡೆತನ ತಿಳಿಯಲು ಮಾತ್ರ ಬಲದಿಂದ ಓದಬೇಕು: ಮೊದಲ ಒಂಟಿ ಓರೆಗೆರೆಯ ಹಿಂದಿರುವ ಕೊನೆಯ ತುಣುಕುಗಳೇ ಮಾಲೀಕರ ಹೆಸರು. ಇಲ್ಲಿ ಅದು ‘ಉದಾಹರಣೆ.ಕಾಮ್’, ಅದರ ಎಡಕ್ಕೆ ಬರೆದದ್ದೆಲ್ಲ ಆ ಮಾಲೀಕರು ಮನಸ್ಸಿಗೆ ಬಂದಂತೆ ಸೇರಿಸಿಕೊಂಡದ್ದು.

ಗುರುತಿಸುವ ಕ್ರಮ

ಮೊಬೈಲಿನಲ್ಲಿ ಮೇಲ್ ತೆರೆದಾಗ ಕಳಿಸಿದವರ ಹೆಸರಷ್ಟೇ ಕಾಣುತ್ತದೆ. ಹೆಸರಿನ ಮೇಲೆ ಒತ್ತಿದರೆ ಪೂರ್ಣ ವಿಳಾಸ ತೆರೆದುಕೊಳ್ಳುತ್ತದೆ. ಲಿಂಕಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ, ಕಂಪ್ಯೂಟರಿನಲ್ಲಾದರೆ ಮೌಸ್ ಅನ್ನು ಅದರ ಮೇಲೆ ನಿಲ್ಲಿಸಿದರೆ, ಅದು ಒಯ್ಯುವ ನಿಜವಾದ ಜಾಗ ಕಾಣುತ್ತದೆ. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಸಣ್ಣಕ್ಷರಗಳು ಅಂಟಿಕೊಂಡರೆ ‘ಎಂ’ ಆಗಿ ತೋರುತ್ತವೆ. ‘ಎಲ್’ ಅಕ್ಷರದ ಜಾಗದಲ್ಲಿ ಒಂದರ ಅಂಕಿ ಕೂರುತ್ತದೆ. ರಷ್ಯನ್ ಲಿಪಿಯ ಕೆಲವು ಅಕ್ಷರಗಳು ಇಂಗ್ಲಿಷಿನವುಗಳಿಗಿಂತ ಬೇರೆಯಾಗಿ ಕಾಣುವುದೇ ಇಲ್ಲ.

ಮೇಲಿನ ಧಾಟಿಯೂ ಸುಳಿವು ಕೊಡುತ್ತದೆ. ಖಾತೆ ಸ್ಥಗಿತವಾಗುತ್ತದೆ, ಕೆವೈಸಿ ಮುಗಿದಿದೆ, ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ನಿಮ್ಮ ಮೇಲೆ ದೂರು ದಾಖಲಾಗಿದೆ ಎಂಬ ಬೆದರಿಕೆಗಳು ಒಂದು ಕಡೆ. ಬಹುಮಾನ, ಮರುಪಾವತಿ, ಸಂದರ್ಶನವಿಲ್ಲದ ನೌಕರಿಯ ಆಮಿಷಗಳು ಇನ್ನೊಂದು ಕಡೆ. ಮೇಲಧಿಕಾರಿಯ ಹೆಸರಿನಲ್ಲಿ ಬರುವ ಮೇಲ್, ಮೀಟಿಂಗ್‌ನಲ್ಲಿದ್ದೇನೆ, ಕರೆ ಮಾಡಬೇಡಿ, ಬೇಗ ಮುಗಿಸಿ ಎನ್ನುತ್ತದೆ. ಇವೆಲ್ಲದರ ಸಮಾನ ಗುಣ ಅವಸರ ಮತ್ತು ಗುಟ್ಟು. ವಿಚಾರಿಸಲು ಸಮಯ ಕೊಡದಿರುವುದೇ ವಂಚಕರ ಬಂಡವಾಳ. ನಿರೀಕ್ಷಿಸದ ಜಿಪ್ ಅಥವಾ ಎಚ್‌ಟಿಎಂಎಲ್ ಕಡತಗಳು, ತೆರೆದ ಮೇಲೆ ‘ಎನೇಬಲ್ ಕಂಟೆಂಟ್’ ಒತ್ತಲು ಹೇಳುವ ಕಡತಗಳು ಅಪಾಯದ ಗುರುತು.

ಭರವಸೆ ಇಡಬಾರದ ಗುರುತುಗಳೂ ಇವೆ. ಲೋಗೊವನ್ನು ಯಾರು ಬೇಕಾದರೂ ನಕಲು ಮಾಡಬಹುದು. ನಿಮ್ಮ ಪೂರ್ಣ ಹೆಸರು, ಫೋನ್ ಸಂಖ್ಯೆ ಹಿಂದೆ ಸೋರಿದ ಯಾವುದೋ ಪಟ್ಟಿಯಿಂದ ಬಂದಿರಬಹುದು. ಬ್ರೌಸರಿನ ಬೀಗದ ಚಿಹ್ನೆ ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ ಹೇಳುತ್ತದೆ; ನಕಲಿ ತಾಣಗಳಿಗೂ ಅದು ಸಿಗುತ್ತದೆ. ಜನ ಅದನ್ನು ಪ್ರಾಮಾಣಿಕತೆಯ ಮುದ್ರೆಯೆಂದು ತಿಳಿಯುತ್ತಿದ್ದ ಕಾರಣ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಚಿಹ್ನೆಯನ್ನು ತೆಗೆಯಿತು. ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ತಪ್ಪಿಲ್ಲದ ಇಂಗ್ಲಿಷ್ ಅಥವಾ ಕನ್ನಡ ಬರೆಯುವುದೂ ವಂಚಕರಿಗೆ ಕಷ್ಟವಲ್ಲ.

ಬ್ಯಾಂಕುಗಳ ವಿಷಯದಲ್ಲಿ ಒಂದು ಗಟ್ಟಿ ಗುರುತು ಈಗ ಸಿಕ್ಕಿದೆ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣವನ್ನು ‘.ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದೇ ಈ ವಿಳಾಸಗಳನ್ನು ನೋಂದಾಯಿಸುವುದರಿಂದ ಹೊರಗಿನವರಿಗೆ ಇವು ಸಿಗುವುದಿಲ್ಲ.

ಅನುಮಾನ ಬಂದಾಗ

ಮೇಲ್ ತೆರೆದು ಓದಿದ ಮಾತ್ರಕ್ಕೆ ಸಾಮಾನ್ಯವಾಗಿ ಹಾನಿಯಿಲ್ಲ. ಲಿಂಕ್ ಒತ್ತಬಾರದು, ಲಗತ್ತು ಇಳಿಸಿಕೊಳ್ಳಬಾರದು, ಉತ್ತರ ಬರೆಯಬಾರದು, ಅದರಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಬಾರದು. ವಿಷಯ ನಿಜವಿರಬಹುದೆನಿಸಿದರೆ ಬ್ಯಾಂಕಿನ ಆ್ಯಪ್ ತೆರೆದು, ವಿಳಾಸವನ್ನು ತಾವೇ ಟೈಪಿಸಿ, ಅಥವಾ ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿ ವಿಚಾರಿಸಬೇಕು. ಖಾತೆ ಬದಲಾಗಿದೆ ಎಂಬ ಮೇಲ್ ಬಂದರೆ, ಹಣ ಪಡೆಯಬೇಕಾದವರ ಹಳೆಯ, ಗೊತ್ತಿರುವ ಫೋನ್ ಸಂಖ್ಯೆಗೆ ಕರೆ ಮಾಡಿ ಮಾತನಾಡದೆ ಹಣ ಕಳಿಸಬಾರದು.

ನಂತರ ಮೇಲ್ ಸೇವೆಯಲ್ಲಿರುವ ‘ರಿಪೋರ್ಟ್ ಫಿಶಿಂಗ್’ ಆಯ್ಕೆ ಒತ್ತಬೇಕು. ಇದರಿಂದ ಉಳಿದವರಿಗೆ ಬರುವ ಅದೇ ಮೇಲ್ ತಡೆಯುವುದು ಸುಲಭವಾಗುತ್ತದೆ. ಭಾರತದಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ಇಂಥ ಮೇಲುಗಳನ್ನು ಕಳಿಸಬಹುದು. ಬ್ರಿಟನ್ನಿನಲ್ಲಿರುವ ಕನ್ನಡಿಗರು ‘ರಿಪೋರ್ಟ್@ಫಿಶಿಂಗ್.ಗವ್.ಯುಕೆ’ ವಿಳಾಸಕ್ಕೆ ರವಾನಿಸಬಹುದು.

ಬಲೆಗೆ ಬಿದ್ದ ಮೇಲೆ

ಹಣ ಹೋಗಿದ್ದರೆ ಮೊದಲ ಕೆಲಸ 1930ಕ್ಕೆ ಕರೆ ಮಾಡುವುದು, ಜೊತೆಗೇ ಬ್ಯಾಂಕಿಗೆ ತಿಳಿಸಿ ಕಾರ್ಡ್ ಮತ್ತು ನೆಟ್‌ಬ್ಯಾಂಕಿಂಗ್ ನಿಲ್ಲಿಸುವುದು. 2021ರಲ್ಲಿ ಆರಂಭವಾದ ಈ ಸಹಾಯವಾಣಿ ವ್ಯವಸ್ಥೆ, ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುನ್ನ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಸಂದೇಶ ರವಾನಿಸುತ್ತದೆ. ಪೊಲೀಸರು ‘ಗೋಲ್ಡನ್ ಅವರ್’ ಎನ್ನುವುದು ಈ ಮೊದಲ ಹೊತ್ತಿಗೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ದಾಖಲಿಸಬಹುದು. ಕರ್ನಾಟಕದ ಜಿಲ್ಲೆಗಳಲ್ಲಿ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳು ಈ ಪ್ರಕರಣಗಳನ್ನು ನೋಡಿಕೊಳ್ಳುತ್ತವೆ.

ಪಾಸ್‌ವರ್ಡ್ ಕೊಟ್ಟಿದ್ದರೆ ಅದನ್ನು ಅಸಲಿ ತಾಣದಲ್ಲಿ ಕೂಡಲೇ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಬೇಕು. ಅದೇ ಪಾಸ್‌ವರ್ಡ್ ಬೇರೆಲ್ಲಿ ಬಳಸಿದ್ದರೂ ಅಲ್ಲೂ ಬದಲಿಸಬೇಕು. ಹಲವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಒಳಹೊಕ್ಕವರು ಮೇಲುಗಳನ್ನು ತಮಗೆ ರವಾನಿಸುವ ನಿಯಮವನ್ನು ಸೆಟ್ಟಿಂಗ್ಸ್‌ನಲ್ಲಿ ಇಟ್ಟು ಹೋಗಿರಬಹುದು. ಮರುಪ್ರಾಪ್ತಿಯ ಫೋನ್ ಸಂಖ್ಯೆ ಬದಲಿಸಿರಬಹುದು. ಯಾವುದೋ ಆ್ಯಪಿಗೆ ಅನುಮತಿ ಕೊಟ್ಟಿರಬಹುದು. ಈ ಮೂರನ್ನೂ ನೋಡದಿದ್ದರೆ ಪಾಸ್‌ವರ್ಡ್ ಬದಲಿಸಿಯೂ ಮನೆಯೊಳಗೆ ಕಳ್ಳ ಉಳಿಯುತ್ತಾನೆ.

ಲಗತ್ತು ತೆರೆದಿದ್ದರೆ ಆ ಕಂಪ್ಯೂಟರನ್ನು ಇಂಟರ್‌ನೆಟ್‌ನಿಂದ ಬಿಡಿಸಿ, ಕಚೇರಿಯದಾದರೆ ಐಟಿ ವಿಭಾಗಕ್ಕೆ ಹೇಳಬೇಕು. ಪಾಸ್‌ವರ್ಡ್ ಬದಲಾವಣೆಯನ್ನು ಬೇರೆ ಸಾಧನದಲ್ಲೇ ಮಾಡಬೇಕು. ಆಧಾರ್ ವಿವರ ಹೋಗಿದ್ದರೆ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಪ್ಯಾನ್ ವಿವರ ಹೋಗಿದ್ದರೆ, ತಮ್ಮ ಹೆಸರಲ್ಲಿ ಬೇರೆಯವರು ಸಾಲ ಎತ್ತಿದ್ದಾರೆಯೇ ಎಂದು ಕ್ರೆಡಿಟ್ ವರದಿಯಲ್ಲಿ ನೋಡಬಹುದು. ವರ್ಷಕ್ಕೊಂದು ವರದಿ ಉಚಿತ.

ಮೂಲ ಮೇಲನ್ನು ಅಳಿಸಬಾರದು. ಅದು ಹಾದುಬಂದ ಸರ್ವರುಗಳ ವಿವರ ತಲೆಬರಹದಲ್ಲಿ ಅಡಗಿರುತ್ತದೆ. ಸುಮ್ಮನೆ ಫಾರ್ವರ್ಡ್ ಮಾಡಿದರೆ ಆ ವಿವರ ಕಳೆದುಹೋಗುತ್ತದೆ. ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಮೂಲಕ ಅದನ್ನು ಇಳಿಸಿಟ್ಟುಕೊಳ್ಳಬಹುದು. ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಬರುವವರು ಎರಡನೇ ಸುತ್ತಿನ ವಂಚಕರು.

ಕಾನೂನು ಮತ್ತು ನಷ್ಟದ ಹೊಣೆ

ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ಆದ ತಿದ್ದುಪಡಿ 66ಸಿ ಮತ್ತು 66ಡಿ ಕಲಮುಗಳನ್ನು ಸೇರಿಸಿತು. ಮೊದಲನೆಯದು ಇನ್ನೊಬ್ಬರ ಪಾಸ್‌ವರ್ಡ್, ಡಿಜಿಟಲ್ ಸಹಿಯಂಥ ಗುರುತುಗಳ ದುರ್ಬಳಕೆಗೆ, ಎರಡನೆಯದು ಕಂಪ್ಯೂಟರ್ ಬಳಸಿ ಸೋಗು ಹಾಕಿ ವಂಚಿಸುವುದಕ್ಕೆ. ಎರಡಕ್ಕೂ 3 ವರ್ಷದವರೆಗೆ ಸಜೆ, 1 ಲಕ್ಷ ರೂ.ವರೆಗೆ ದಂಡ. ಭಾರತೀಯ ನ್ಯಾಯ ಸಂಹಿತೆಯ 318 ಮತ್ತು 319ನೇ ಕಲಮುಗಳೂ ಅನ್ವಯಿಸುತ್ತವೆ. ಸಂಸ್ಥೆಗಳು ಸೈಬರ್ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ವಿಧಿಸಿತು.

ನಷ್ಟ ಯಾರದೆಂಬುದಕ್ಕೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಸೂತ್ರ ಹಾಕಿಕೊಟ್ಟಿತು. ತಪ್ಪು ಬ್ಯಾಂಕಿನದೂ ಗ್ರಾಹಕರದೂ ಅಲ್ಲದೆ ವ್ಯವಸ್ಥೆಯ ಬೇರೆಡೆ ಆಗಿದ್ದರೆ, 3 ಕೆಲಸದ ದಿನಗಳಲ್ಲಿ ತಿಳಿಸಿದ ಗ್ರಾಹಕರಿಗೆ ಹೊರೆಯಿಲ್ಲ. ಗ್ರಾಹಕರೇ ಪಾಸ್‌ವರ್ಡ್ ಹಂಚಿಕೊಂಡಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವರದು, ತಿಳಿಸಿದ ನಂತರದ್ದು ಬ್ಯಾಂಕಿನದು. ಆದ್ದರಿಂದ ಫಿಶಿಂಗ್‌ಗೆ ಒಳಗಾದವರಿಗೆ ಪ್ರತಿ ನಿಮಿಷಕ್ಕೂ ಬೆಲೆಯಿದೆ. ದೂರಿನ ಸಂಖ್ಯೆಯನ್ನೂ ವೇಳೆಯನ್ನೂ ಬರೆದಿಟ್ಟುಕೊಳ್ಳಬೇಕು. ಬ್ಯಾಂಕಿನ ಹೊಣೆ ಪೂರ್ತಿ ತಪ್ಪುವುದೂ ಇಲ್ಲ. ಫಿಶಿಂಗ್ ಮೇಲಿಗೆ ಉತ್ತರಿಸಿ ಹಣ ಕಳೆದುಕೊಂಡ ಅನಿವಾಸಿ ಗ್ರಾಹಕರೊಬ್ಬರಿಗೆ 12.85 ಲಕ್ಷ ರೂ. ಕೊಡುವಂತೆ ತಮಿಳುನಾಡಿನ ಐಟಿ ಕಾಯ್ದೆಯ ನಿರ್ಣಯಾಧಿಕಾರಿ 2010ರ ಏಪ್ರಿಲ್‌ನಲ್ಲಿ ಐಸಿಐಸಿಐ ಬ್ಯಾಂಕಿಗೆ ಆದೇಶಿಸಿದ್ದರು. ಬ್ಯಾಂಕ್ 30 ದಿನದಲ್ಲಿ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು.

ರಕ್ಷಣೆಯ ಏರ್ಪಾಡುಗಳು

ಪಾಸ್‌ವರ್ಡ್ ಮ್ಯಾನೇಜರ್ ಕಣ್ಣಿನಿಂದ ನೋಡುವುದಿಲ್ಲ, ವಿಳಾಸ ಹೊಂದಿದರೆ ಮಾತ್ರ ಪಾಸ್‌ವರ್ಡ್ ತುಂಬುತ್ತದೆ. ಎಂದಿನಂತೆ ತುಂಬದೆ ಹೋದರೆ ಅದೇ ಎಚ್ಚರಿಕೆ. ಒಟಿಪಿ ಇಲ್ಲದಿರುವುದಕ್ಕಿಂತ ಇರುವುದು ಮೇಲು, ಆದರೆ ಮಧ್ಯವರ್ತಿ ದಾಳಿಗೆ ಅದೂ ಸಿಗುತ್ತದೆ. ಯುಎಸ್‌ಬಿ ಭದ್ರತಾ ಕೀ ಮತ್ತು ಪಾಸ್‌ಕೀಗಳು ಅಸಲಿ ಡೊಮೇನಿಗಷ್ಟೇ ಸ್ಪಂದಿಸುವುದರಿಂದ ನಕಲಿ ಪುಟಕ್ಕೆ ಕೊಡಲು ಬಳಕೆದಾರರ ಬಳಿ ಏನೂ ಇರುವುದಿಲ್ಲ. 85,000ಕ್ಕೂ ಹೆಚ್ಚು ನೌಕರರಿಗೆ ಇಂಥ ಕೀಗಳನ್ನು ಕಡ್ಡಾಯ ಮಾಡಿದ ಮೇಲೆ ಯಾರ ಖಾತೆಯೂ ಫಿಶಿಂಗ್‌ಗೆ ಹೋಗಿಲ್ಲವೆಂದು ಗೂಗಲ್ 2018ರಲ್ಲಿ ತಿಳಿಸಿತು. 2022ರ ಜುಲೈನಲ್ಲಿ ಎಸ್‌ಎಂಎಸ್ ಮೂಲಕ ನಡೆದ ಇದೇ ಬಗೆಯ ದಾಳಿಯಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಮೂವರು ನೌಕರರು ನಕಲಿ ಪುಟದಲ್ಲಿ ಪಾಸ್‌ವರ್ಡ್ ತುಂಬಿಯೇಬಿಟ್ಟಿದ್ದರು. ಭದ್ರತಾ ಕೀ ಇದ್ದುದರಿಂದ ದಾಳಿಕೋರರು ಒಳಬರಲಾಗಲಿಲ್ಲ.

ಸಂಸ್ಥೆಗಳಲ್ಲಿ ದೊಡ್ಡ ಪಾವತಿಗೆ ಇಬ್ಬರ ಒಪ್ಪಿಗೆ, ಖಾತೆ ಬದಲಾವಣೆಗೆ ಫೋನ್ ದೃಢೀಕರಣ ಎಂಬ ಸರಳ ನಿಯಮಗಳು ಖರ್ಚಿಲ್ಲದ ರಕ್ಷಣೆ. ಅಷ್ಟೇ ಮುಖ್ಯವಾದದ್ದು, ಲಿಂಕ್ ಒತ್ತಿದ ನೌಕರರನ್ನು ಗದರಿಸದಿರುವುದು. ಬೈಗುಳಕ್ಕೆ ಹೆದರಿ ಸುಮ್ಮನಿದ್ದವರ ಖಾತೆಯಿಂದಲೇ ಮುಂದಿನ ಮೇಲ್ ಇಡೀ ಕಚೇರಿಗೆ ಹೋಗುತ್ತದೆ. ತಕ್ಷಣ ಹೇಳಿದವರಿಂದ ಉಳಿದವರಿಗೆ ಬಂದ ಅದೇ ಮೇಲನ್ನು ಅವರು ತೆರೆಯುವ ಮೊದಲೇ ತೆಗೆದುಹಾಕಲು ಸಾಧ್ಯವಾಗುತ್ತದೆ.